ಬಹಿಷ್ಕೃತ ಶಬ್ದ

ಶಬ್ದಗಳ ಚರಿತ್ರೆಯನ್ನು ತರಗತಿಯಲ್ಲಿ ಹೇಳುವುದು ನನ್ನ ಕಸುಬು. ಗ್ರಾಮ್ಯವೆಂದು, ಅಶ್ಲೀಲವೆಂದು ಶಬ್ದಗಳನ್ನು ಪಂಕ್ತಿಯಿಂದ ಎಬ್ಬಿಸಿದ ಪ್ರಸಂಗಗಳು ಬೇಕಾದಷ್ಟಿವೆ. ಆದರೆ ಗಾಳಿಯ ಹೆಸರೊಂದಕ್ಕೆ ಬಹಿಷ್ಕಾರ ಹಾಕಿದ ಕಥೆ ಅಮೆರಿಕದ್ದು. ಆ ಹೆಸರು 'ಟಾರ್ನೆಡೊ'. ನಮ್ಮ ಮಾತಿನಲ್ಲಿ ಸುಂಟರಗಾಳಿ. ಇದನ್ನು ಚಂಡಮಾರುತದೊಡನೆ ಬೆರೆಸುವವರುಂಟು. ಚಂಡಮಾರುತ ಕಡಲಿನಲ್ಲಿ ಹುಟ್ಟಿ, ನೂರಾರು ಮೈಲಿ ಹರಡಿ, ದಿನಗಟ್ಟಲೆ ಬಾಳುವಂಥದು. ಸುಂಟರಗಾಳಿಯಾದರೋ ಗುಡುಗು ಮೋಡದಿಂದ ನೆಲಕ್ಕಿಳಿಯುವ ಸೊಂಡಿಲು. ಸಾಮಾನ್ಯವಾಗಿ ಕೆಲವೇ ನಿಮಿಷಗಳ ಆಟ.

1884ರಲ್ಲಿ ಸೇನೆಯ ಸಂಕೇತ ದಳದ ಜಾನ್ ಪಾರ್ಕ್ ಫಿನ್ಲಿ ಎಂಬಾತ ಈ ಗಾಳಿಯ ಮುನ್ಸೂಚನೆಯನ್ನು ಪ್ರಯೋಗಕ್ಕಿಟ್ಟ. ನೂರಕ್ಕೆ ತೊಂಬತ್ತಾರು ನಿಜವಾಯಿತೆಂದು ಹೇಳಿಕೊಂಡ. ಟೀಕಾಕಾರರು ಲೆಕ್ಕ ಬಿಡಿಸಿದರು: ದಿನವೂ 'ಸುಂಟರಗಾಳಿ ಬಾರದು' ಎಂದು ಕಣ್ಣುಮುಚ್ಚಿ ಬರೆದಿದ್ದರೆ ಇನ್ನೂ ಹೆಚ್ಚು ಅಂಕ ಬರುತ್ತಿತ್ತು! ಕೆಲವೇ ವರ್ಷಗಳಲ್ಲಿ, ಜನ ದಿಗಿಲುಬಿದ್ದು ಗಾಳಿಗಿಂತ ಹೆಚ್ಚಿನ ಹಾನಿ ಮಾಡಿಕೊಂಡಾರೆಂಬ ಅಂಜಿಕೆಯಿಂದ, ಆ ಶಬ್ದವನ್ನೇ ಸರ್ಕಾರಿ ಮುನ್ಸೂಚನೆಯಿಂದ ತೆಗೆದುಹಾಕಿದರು.

ಶಬ್ದ ಹೋಯಿತು, ಗಾಳಿ ಹೋಗಲಿಲ್ಲ. 1925ರ ಮಾರ್ಚ್ 18ರಂದು ಮಿಸೌರಿ, ಇಲಿನಾಯ್, ಇಂಡಿಯಾನಾ ಸಂಸ್ಥಾನಗಳನ್ನು ಹಾಯ್ದ ಒಂದು ಸುಂಟರಗಾಳಿ, ಸುಮಾರು ಮೂರೂವರೆ ಗಂಟೆಗಳಲ್ಲಿ 695 ಜನರನ್ನು ಬಲಿ ತೆಗೆದುಕೊಂಡಿತು. ಅಂದಿನ ಮುನ್ಸೂಚನೆಯಲ್ಲಿ ಅದರ ಹೆಸರಿರಲಿಲ್ಲ.

1948ರ ಮಾರ್ಚ್ 20ರ ರಾತ್ರಿ ಓಕ್ಲಹೋಮಾದ ಟಿಂಕರ್ ವಿಮಾನನೆಲೆಯ ಮೇಲೆ ಸುಂಟರಗಾಳಿ ಎರಗಿತು. ಅಲ್ಲಿನ ಹವಾಮಾನಾಧಿಕಾರಿಗಳಾದ ಫಾಬುಷ್, ಮಿಲ್ಲರ್ ಇಬ್ಬರೂ ಹಳೆಯ ನಕ್ಷೆಗಳನ್ನು ಕೆದಕಿದರು. ಕೆಳಗೆ ಮೆಕ್ಸಿಕೋ ಕೊಲ್ಲಿಯ ತೇವದ ಬೆಚ್ಚನೆ ಗಾಳಿ, ಮೇಲೆ ಒಣಗಾಳಿ, ಎತ್ತರಕ್ಕೇರಿದಂತೆ ದಿಕ್ಕು ವೇಗಗಳೆರಡನ್ನೂ ಬದಲಿಸುವ ಮಾರುತ: ಇವು ಕೂಡಿದಾಗ ಅಪಾಯವೆಂದು ಕಂಡರು. ಐದೇ ದಿನಗಳಲ್ಲಿ, 25ರಂದು, ಅದೇ ಚಿತ್ರ ಮತ್ತೆ ಮೂಡಿತು. ಮಧ್ಯಾಹ್ನ ಮೂರರ ಸುಮಾರಿಗೆ ಅಳುಕುತ್ತಲೇ ಮುನ್ಸೂಚನೆ ಕೊಟ್ಟರು. ಸಾಗಿಸಬಹುದಾದ ವಿಮಾನಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿದರು. ಸಂಜೆ ಆರಕ್ಕೆ ಗಾಳಿ ಬಂದೇ ಬಂತು! ಪ್ರಾಣಹಾನಿಯಾಗಲಿಲ್ಲ.

1938ರಲ್ಲಿ ಸಡಿಲವಾಗಿದ್ದ ಬಹಿಷ್ಕಾರ 1950ರಲ್ಲಿ ಪೂರ್ತಿ ಬಿದ್ದುಹೋಯಿತು. 1952ರಿಂದ ಹವಾಮಾನ ಇಲಾಖೆ ಸಾರ್ವಜನಿಕರಿಗೂ ಸುಂಟರಗಾಳಿಯ ಮುನ್ಸೂಚನೆ ಕೊಡತೊಡಗಿತು.

ಫಿನ್ಲಿಯ ಟೀಕಾಕಾರರ ಲೆಕ್ಕ ತಪ್ಪಲ್ಲ. ರಾಡಾರ್ ಇರುವ ಇಂದಿಗೂ ಎಚ್ಚರಿಕೆಗಳಲ್ಲಿ ಹುಸಿಯಾಗುವುವೇ ಹೆಚ್ಚು. ನಿಜವಾದಾಗಲೂ ದೊರೆಯುವ ಕಾಲ ಹತ್ತು ಹದಿನೈದು ನಿಮಿಷ. ಆದರೆ ಮಗುವನ್ನೆತ್ತಿಕೊಂಡು ನೆಲಮಾಳಿಗೆಗೆ ಇಳಿಯಲು ಅಷ್ಟು ಸಾಕು. ತಪ್ಪೀತೆಂದು ಹೆದರಿ ಹೇಳದೆ ಉಳಿದ ಮಾತು ಯಾರನ್ನೂ ಉಳಿಸದು.