ನಡುವೆ ಕಾಲೇಜು ಬದಲಾಯಿಸಲು ಸಾಧ್ಯವೇ? – ಕ್ರೋಂಪೇಟೆಯ ಕನ್ನಡ ಕುಟುಂಬಗಳಿಗೊಂದು ಮಾಹಿತಿ ಲೇಖನ

ಪ್ರತಿವರ್ಷ ಬೇಸಿಗೆಯಲ್ಲಿ ಪರೀಕ್ಷಾ ಫಲಿತಾಂಶಗಳು ಹೊರಬೀಳುತ್ತಿದ್ದಂತೆ ಕ್ರೋಂಪೇಟೆ, ಪಲ್ಲಾವರ, ತಾಂಬರಂ ಭಾಗದ ನಮ್ಮ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಮಗನೋ ಮಗಳೋ ಕಳೆದ ವರ್ಷ ದೊರೆತ ಕಾಲೇಜಿಗೆ ಸೇರಿಯಾಗಿದೆ. ಮನಸ್ಸು ಮಾತ್ರ ಅಲ್ಲಿ ನಿಂತಿಲ್ಲ. ಮನೆಯ ಸಮೀಪದಲ್ಲಿಯೇ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಊರಿನವರೆಲ್ಲ ಎಂ.ಐ.ಟಿ. ಎಂದು ಕರೆಯುವ ಸಂಸ್ಥೆಯಿದೆ. 'ಒಂದು ವರ್ಷ ಚೆನ್ನಾಗಿ ಓದಿ ಇಲ್ಲಿಗೆ ವರ್ಗಾವಣೆ ಪಡೆಯಲಾಗದೆ?' ಎಂದು ಹೆತ್ತವರು ಕೇಳುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಬಂಧುಗಳು 'ಇಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ' ಎಂದು ಹೇಳಿ ಆಸೆಯನ್ನು ಇನ್ನಷ್ಟು ಬೆಳೆಸುತ್ತಾರೆ. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಇರುವ ದಾರಿಗಳನ್ನು ಒಂದೆಡೆ ಸೇರಿಸಿ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದು ಕಾಲದ ಹೆಬ್ಬಾಗಿಲು

ಕ್ರೋಂಪೇಟೆಗೆ ಆ ಹೆಸರು ಬಂದದ್ದು ಇಲ್ಲಿದ್ದ ಕ್ರೋಮ್ ಚರ್ಮದ ಕಾರ್ಖಾನೆಯಿಂದ. ಆದರೆ ಊರಿನ ಕೀರ್ತಿ ದೇಶಕ್ಕೆ ಹಬ್ಬಿದ್ದು 1949ರಲ್ಲಿ ಸಿ. ರಾಜಂ ಅವರು ಸ್ಥಾಪಿಸಿದ ಎಂ.ಐ.ಟಿ.ಯಿಂದ. 1978ರಲ್ಲಿ ಅಣ್ಣಾ ವಿಶ್ವವಿದ್ಯಾನಿಲಯವು ರಚನೆಯಾದಾಗ ಗಿಂಡಿಯ ಎಂಜಿನಿಯರಿಂಗ್ ಕಾಲೇಜು, ಅಳಗಪ್ಪ ಚೆಟ್ಟಿಯಾರ್ ತಂತ್ರಜ್ಞಾನ ಕಾಲೇಜು ಮತ್ತು ವಾಸ್ತುಶಿಲ್ಪ ಶಾಲೆಗಳೊಡನೆ ಇದೂ ಅದರ ಅಂಗವಾಯಿತು.

ಇಂದಿನ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಮೊದಲ ದಶಕಗಳಲ್ಲಿ ಎಂ.ಐ.ಟಿ. ಸೇರುತ್ತಿದ್ದವರು ಬೇರೆಡೆ ಬಿ.ಎಸ್ಸಿ. ಮುಗಿಸಿ ಬಂದವರು. ಪದವಿಯ ನಂತರ ಮೂರು ವರ್ಷಗಳ ಎಂಜಿನಿಯರಿಂಗ್ ಶಿಕ್ಷಣ ಇಲ್ಲಿ ನಡೆಯುತ್ತಿತ್ತು. ಹೀಗಾಗಿ ಒಂದು ವಿದ್ಯೆಯಿಂದ ಇನ್ನೊಂದು ವಿದ್ಯೆಗೆ ದಾಟುವುದೇ ಇಲ್ಲಿನ ಹೆಬ್ಬಾಗಿಲಾಗಿತ್ತು.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ತಿರುಚ್ಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿದ ಮೇಲೆಯೇ ತಮ್ಮ ಕನಸಿಗೆ ಬೇಕಾದದ್ದು ಎಂಜಿನಿಯರಿಂಗ್ ಎಂದು ಅರಿತುಕೊಂಡುದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಂ.ಐ.ಟಿ.ಯ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೂ ಶುಲ್ಕಕ್ಕೆ ಸುಮಾರು ಸಾವಿರ ರೂಪಾಯಿ ಬೇಕಾಗಿತ್ತು. ಅಕ್ಕ ಜೊಹರಾ ಚಿನ್ನದ ಬಳೆ ಮತ್ತು ಸರವನ್ನು ಒತ್ತೆಯಿಟ್ಟು ಹಣ ಹೊಂದಿಸಿಕೊಟ್ಟರು. ವ್ಯಾಸಂಗ ಮುಗಿದ ಬಳಿಕ ಅವರು ತರಬೇತಿಗೆ ಹೋದದ್ದು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಗೆ. ತಮಿಳಿನ ಹೆಸರಾಂತ ಲೇಖಕ ಸುಜಾತಾ, ಅಂದರೆ ಎಸ್. ರಂಗರಾಜನ್ ಅವರೂ ಅದೇ ಸೇಂಟ್ ಜೋಸೆಫ್ ಕಾಲೇಜಿನಿಂದ ಎಂ.ಐ.ಟಿ.ಗೆ ಬಂದು, ಮುಂದೆ ಬೆಂಗಳೂರಿನ ಬಿ.ಇ.ಎಲ್. ಸಂಸ್ಥೆಯಲ್ಲಿ ಕೆಲಸ ಮಾಡಿದರು. 2018ರಿಂದ 2022ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ಕೆ. ಶಿವನ್ ನಾಗರಕೋಯಿಲಿನಲ್ಲಿ ಗಣಿತದ ಬಿ.ಎಸ್ಸಿ. ಓದಿ, 1980ರಲ್ಲಿ ಎಂ.ಐ.ಟಿ.ಯಿಂದ ವಿಮಾನ ಎಂಜಿನಿಯರಿಂಗ್ ಪದವಿ ಪಡೆದು, 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎಂ.ಇ. ಪಡೆದರು.

ಕಾಲಾನಂತರದಲ್ಲಿ ಹನ್ನೆರಡನೆಯ ತರಗತಿಯಿಂದ ನೇರವಾಗಿ ಸೇರುವ ನಾಲ್ಕು ವರ್ಷಗಳ ಬಿ.ಇ. ಶಿಕ್ಷಣವು ಆ ಹಳೆಯ ಏರ್ಪಾಡಿನ ಸ್ಥಾನವನ್ನು ಪಡೆಯಿತು. ಹೆಬ್ಬಾಗಿಲು ಹೋಗಿ ಕಿರುಬಾಗಿಲುಗಳು ಉಳಿದವು.

ಅಮೆರಿಕದ ಪದ್ಧತಿ ಇಲ್ಲೇಕೆ ಇಲ್ಲ?

ನಮ್ಮ ದೇಶದಲ್ಲಿ ಸೀಟು ಹಂಚಿಕೆಯು ಆಯಾ ವರ್ಷದ ರ‍್ಯಾಂಕ್ ಪಟ್ಟಿಯನ್ನು ಅನುಸರಿಸುತ್ತದೆ. ತಮಿಳುನಾಡಿನಲ್ಲಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯು 2007ರಿಂದ ಇಲ್ಲ. ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50 ಎಂದು ಲೆಕ್ಕ ಹಾಕಿ 200ಕ್ಕೆ ಬರುವ ಅಂಕವೇ ನಿರ್ಣಾಯಕ. ಅದರ ಮೇಲೆ ಶೇಕಡಾ 69ರ ಮೀಸಲಾತಿಯ ಕ್ರಮವಿದೆ. ಹೀಗೆ ತುಂಬಿದ ತರಗತಿಯಲ್ಲಿ ಯಾರಾದರೂ ಬಿಟ್ಟುಹೋದರೂ ಆ ಸ್ಥಾನವನ್ನು ಬೇರೊಂದು ಕಾಲೇಜಿನ ವಿದ್ಯಾರ್ಥಿಗೆ ಅಂಕಪಟ್ಟಿ ನೋಡಿ ಕೊಡುವ ಸ್ವಾತಂತ್ರ್ಯ ಸಾಮಾನ್ಯವಾಗಿ ಪ್ರಾಂಶುಪಾಲರಿಗಿರುವುದಿಲ್ಲ. ಐ.ಐ.ಟಿ.ಗಳ ಬಿ.ಟೆಕ್. ಶಿಕ್ಷಣಕ್ಕಂತೂ ಬೇರೆ ಕಾಲೇಜಿನಿಂದ ಎರಡನೆಯ ವರ್ಷಕ್ಕೆ ಬರುವ ದಾರಿಯೇ ಇಲ್ಲ. ಆದ್ದರಿಂದ 'ಹಣ ಕೊಟ್ಟರೆ ಎರಡನೆಯ ವರ್ಷಕ್ಕೆ ಸೀಟು ಮಾಡಿಸಿಕೊಡುತ್ತೇವೆ' ಎನ್ನುವ ಮಧ್ಯವರ್ತಿಗಳನ್ನು ನಂಬಬಾರದೆಂದು ನಮ್ಮ ವಿನಂತಿ.

ಮೊದಲನೆಯ ದಾರಿ: ನೇರ ಎರಡನೆಯ ವರ್ಷ

ಲ್ಯಾಟರಲ್ ಎಂಟ್ರಿ ಎಂದು ಕರೆಯುವ ಈ ವ್ಯವಸ್ಥೆ ಡಿಪ್ಲೊಮಾ ಪಡೆದವರಿಗೂ ಬಿ.ಎಸ್ಸಿ. ಪದವೀಧರರಿಗೂ ಇದೆ. ಬಿ.ಇ. ಒಂದನೆಯ ವರ್ಷ ಮುಗಿಸಿದವರಿಗೆ ಇದು ಅನ್ವಯಿಸುವುದಿಲ್ಲ ಎಂಬುದನ್ನು ಮೊದಲೇ ಗಮನಿಸಬೇಕು. ತಮಿಳುನಾಡಿನಲ್ಲಿ ಇದರ ಕೌನ್ಸೆಲಿಂಗ್ ಬಹುಕಾಲದಿಂದ ಕಾರೈಕುಡಿಯ ಅಳಗಪ್ಪ ಚೆಟ್ಟಿಯಾರ್ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮೂಲಕ ನಡೆದುಬಂದಿದೆ. ಪ್ರತ್ಯೇಕ ಪ್ರವೇಶ ಪರೀಕ್ಷೆಯಿಲ್ಲ. ಓದಿದ ಶಿಕ್ಷಣದ ಅಂಕಗಳೇ ಆಧಾರ. ಬಿ.ಎಸ್ಸಿ. ಮಾರ್ಗವಾಗಿ ಬರುವವರು ಗಣಿತವನ್ನು ಓದಿರಬೇಕು. ಪ್ರವೇಶ ದೊರೆತ ಮೇಲೆ ತಮಗೆ ತಪ್ಪಿಹೋದ ಎಂಜಿನಿಯರಿಂಗ್ ವಿಷಯಗಳನ್ನು ಹೆಚ್ಚುವರಿಯಾಗಿ ಓದಿ ತೇರ್ಗಡೆಯಾಗಬೇಕು. ಯಾವ ಕಾಲೇಜಿನ ಯಾವ ವಿಭಾಗದಲ್ಲಿ ಎಷ್ಟು ಸ್ಥಾನಗಳಿವೆ ಎಂಬುದು ಆಯಾ ವರ್ಷದ ಪಟ್ಟಿಯಲ್ಲಿರುತ್ತದೆ. ಅದನ್ನು ನೋಡದೆ ಒಂದೇ ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಸರಿಯಲ್ಲ.

ಕರ್ನಾಟಕದಲ್ಲಿ ಡಿಪ್ಲೊಮಾ ಓದಿದವರಿಗೆ ಅಲ್ಲಿನ ಪರೀಕ್ಷಾ ಪ್ರಾಧಿಕಾರವು ಡಿ.ಸಿ.ಇ.ಟಿ. ಎಂಬ ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. ತಮಿಳುನಾಡಿನಲ್ಲಿ ಅಂಕಗಳು, ಕರ್ನಾಟಕದಲ್ಲಿ ಪರೀಕ್ಷೆ ಎಂಬ ಈ ವ್ಯತ್ಯಾಸವನ್ನು ಎರಡೂ ರಾಜ್ಯಗಳ ನಡುವೆ ಓಡಾಡುವ ನಮ್ಮ ಕುಟುಂಬಗಳು ನೆನಪಿಡಬೇಕು.

ಎರಡನೆಯ ದಾರಿ: ಅದೇ ವಿಶ್ವವಿದ್ಯಾನಿಲಯದೊಳಗೆ

ಅಣ್ಣಾ ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸೇರಲಿರುವ ಕಾಲೇಜಿನಲ್ಲಿ ಖಾಲಿ ಸ್ಥಾನವಿರಬೇಕು, ಎರಡೂ ಕಾಲೇಜುಗಳ ಒಪ್ಪಿಗೆಯಿರಬೇಕು, ಮೇಲಧಿಕಾರಿಗಳ ಅನುಮತಿಯೂ ದೊರೆಯಬೇಕು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿಯೂ ಕಾಲೇಜು ಬದಲಾವಣೆಗೆ ಇಂಥದೇ ಕ್ರಮವಿದೆ. ತಂದೆತಾಯಿಯರಿಗೆ ಕೆಲಸದ ವರ್ಗಾವಣೆಯಾದಾಗ, ಮನೆಯಲ್ಲಿ ಅನಾರೋಗ್ಯವಿದ್ದಾಗ ಇದು ಉಪಯುಕ್ತ. ಆದರೆ ಸಂಯೋಜಿತ ಕಾಲೇಜುಗಳ ನಡುವಣ ಈ ಏರ್ಪಾಡನ್ನು ಕ್ರೋಂಪೇಟೆ ಅಥವಾ ಗಿಂಡಿಯ ಆವರಣವನ್ನು ಪ್ರವೇಶಿಸುವ ಮೆಟ್ಟಿಲೆಂದು ಭಾವಿಸತಕ್ಕದ್ದಲ್ಲ. ಸ್ವಾಯತ್ತ ಕಾಲೇಜುಗಳಲ್ಲಿ ಪಠ್ಯಕ್ರಮವೇ ಬೇರೆಯಾಗಿರುವುದರಿಂದ ಬಿಟ್ಟುಹೋದ ವಿಷಯಗಳನ್ನು ಮತ್ತೆ ಬರೆಯಬೇಕಾಗಿ ಬರಬಹುದು.

ಯು.ಜಿ.ಸಿ.ಯು 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳನ್ನು ಹೊರಡಿಸಿತು. ವಿದ್ಯಾರ್ಥಿಯು ಗಳಿಸಿದ ಕ್ರೆಡಿಟ್‌ಗಳು ಬ್ಯಾಂಕಿನ ಖಾತೆಯಲ್ಲಿರುವಂತೆ ಗರಿಷ್ಠ ಏಳು ವರ್ಷಗಳವರೆಗೆ ಮಾನ್ಯವಾಗಿ ಉಳಿಯಬಲ್ಲವು. ಇದು ಸ್ವಾಗತಾರ್ಹವೇ. ಆದರೆ ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಬೇಡಿಕೆಯಿರುವ ಕಾಲೇಜಿನಲ್ಲಿ ಸೀಟು ಸಿಕ್ಕಂತಾಗಲಿಲ್ಲ. ಕ್ರೆಡಿಟ್ ಬೇರೆ, ಪ್ರವೇಶ ಬೇರೆ.

ಮೂರನೆಯ ದಾರಿ: ಮತ್ತೆ ಮೊದಲಿನಿಂದ

ನಮ್ಮ ದೇಶದಲ್ಲಿ ಹೆಚ್ಚು ಬೇಡಿಕೆಯ ಸಂಸ್ಥೆಯನ್ನು ಸೇರಲು ಬಹುಪಾಲು ವಿದ್ಯಾರ್ಥಿಗಳು ಹಿಡಿಯುವ ಮಾರ್ಗ ಇದೇ. ಜೆ.ಇ.ಇ. ಅಡ್ವಾನ್ಸ್‌ಡ್ ಪರೀಕ್ಷೆಯನ್ನು ಹನ್ನೆರಡನೆಯ ತರಗತಿಯ ವರ್ಷ ಮತ್ತು ಅದರ ಮರುವರ್ಷ, ಹೀಗೆ ಎರಡು ಬಾರಿ ಬರೆಯಬಹುದು. ಬೇರೆ ಕಾಲೇಜಿನಲ್ಲಿ ಓದುತ್ತಿರುವುದು ಅಡ್ಡಿಯಲ್ಲ. ಆದರೆ ಈಗಾಗಲೇ ಒಂದು ಐ.ಐ.ಟಿ. ಸೇರಿದವರು ಮತ್ತೆ ಬರೆಯುವಂತಿಲ್ಲ. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪದವಿ ಶಿಕ್ಷಣಕ್ಕೆ 2022ರಿಂದ ಸಿ.ಯು.ಇ.ಟಿ. ಪರೀಕ್ಷೆ ಇದೆ.

ನಮ್ಮವರಿಗೆ ವಿಶೇಷವಾಗಿ ತಿಳಿಸಬೇಕಾದ ಒಂದು ಅವಕಾಶ ಕರ್ನಾಟಕದ ಸಿ.ಇ.ಟಿ.ಯಲ್ಲಿದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ, ಹೊರರಾಜ್ಯಗಳಲ್ಲಿ ನೆಲೆಸಿದ ಮಕ್ಕಳಿಗಾಗಿ 'ಹೊರನಾಡು ಕನ್ನಡಿಗ' ಎಂಬ ವಿಭಾಗವಿದೆ. ಇದರಡಿ ಅರ್ಜಿ ಹಾಕುವವರು ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸ್ಥಾನಗಳು ಕಡಿಮೆ, ಆದರೂ ಬಾಗಿಲು ತೆರೆದಿದೆ. ಮನೆಯಲ್ಲಿ ಕನ್ನಡ ಮಾತನಾಡುವ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ತಮಿಳು ಅಥವಾ ಹಿಂದಿ ಭಾಷೆಯಾಗಿದ್ದು, ಕನ್ನಡದ ಕಾಗುಣಿತ ಕೈಗೆ ಬಂದಿರುವುದಿಲ್ಲ. ಪರೀಕ್ಷೆಗೆ ಹದಿನೈದು ದಿನವಿರುವಾಗ ಅಕ್ಷರಮಾಲೆ ಹುಡುಕುವುದಕ್ಕಿಂತ ಏಳೆಂಟು ವರ್ಷದ ವಯಸ್ಸಿನಲ್ಲೇ ಅಜ್ಜಿ ತಾತಂದಿರ ಪಕ್ಕದಲ್ಲಿ ಕೂರಿಸಿ ಬರೆಯಿಸುವುದು ಮೇಲು. ಭಾಷಾಭಿಮಾನದ ಮಾತು ಹಾಗಿರಲಿ, ಇದೊಂದು ಪ್ರಾಯೋಗಿಕ ಸಲಹೆ.

ನಾಲ್ಕನೆಯ ದಾರಿ: ವಿದೇಶ

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ವರ್ಗಾವಣೆಗೆ ಪ್ರತ್ಯೇಕ ಅರ್ಜಿಯಿದೆ. ಕಾಲೇಜಿನ ಅಂಕಪಟ್ಟಿ, ಪ್ರಾಧ್ಯಾಪಕರ ಶಿಫಾರಸು ಪತ್ರಗಳು, ಈಗಿನ ಕಾಲೇಜಿನ ವರದಿ ಮತ್ತು 'ಏಕೆ ಬದಲಾಯಿಸಬಯಸುತ್ತೀರಿ' ಎಂಬ ಪ್ರಬಂಧ ಇವು ಮುಖ್ಯ ಅಂಗಗಳು. ಬಿಟ್ಟುಬರುವ ಕಾಲೇಜನ್ನು ದೂಷಿಸುವುದಕ್ಕಿಂತ, ಹೊಸ ಕಡೆಯಲ್ಲಿ ಯಾವ ವಿಷಯವನ್ನು ಏಕೆ ಓದಬೇಕಾಗಿದೆ ಎಂಬುದನ್ನು ಬರೆಯುವುದು ಉತ್ತಮ. ಪ್ರತಿ ವಿಷಯದ ಪಠ್ಯಕ್ರಮದ ಪ್ರತಿಯನ್ನು ಕಾಲೇಜಿನಿಂದ ದೃಢೀಕರಿಸಿ ಇಟ್ಟುಕೊಂಡರೆ ಕ್ರೆಡಿಟ್ ಮಾನ್ಯತೆಗೆ ಸಹಾಯವಾಗುತ್ತದೆ.

ಆದರೆ ಅಲ್ಲಿಯೂ ಹೆಸರಾಂತ ಸಂಸ್ಥೆಗಳ ಬಾಗಿಲು ಕಿರಿದೇ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು 1990ರಿಂದ ವರ್ಗಾವಣೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದೆ, 2018ರಲ್ಲಿ ಮತ್ತೆ ಆರಂಭಿಸಿತು. ಸಂಖ್ಯೆ ಮಾತ್ರ ಬೆರಳೆಣಿಕೆಯದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ವರ್ಗಾವಣೆಗಳನ್ನು ಮುಖ್ಯವಾಗಿ ಮೂರನೆಯ ವರ್ಷಕ್ಕೆ ತೆಗೆದುಕೊಳ್ಳುತ್ತದೆ. ಮೊದಲ ಆದ್ಯತೆ ಅದೇ ರಾಜ್ಯದ ಸಮುದಾಯ ಕಾಲೇಜುಗಳ ವಿದ್ಯಾರ್ಥಿಗಳಿಗೆ. ಬಂಧುಗಳು 'ಎಲ್ಲರೂ ಮಾಡುತ್ತಾರೆ' ಎನ್ನುವುದು ಈ ಮಾರ್ಗವನ್ನೇ. ವಿದೇಶೀ ವಿದ್ಯಾರ್ಥಿಗೆ ಅಲ್ಲಿ ಸ್ಥಳೀಯರ ಕಡಿಮೆ ಶುಲ್ಕ ಅನ್ವಯಿಸುವುದಿಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಗದಪತ್ರಗಳು ಮತ್ತು ಹಣ

ಬಿಡುವ ತೀರ್ಮಾನಕ್ಕಿಂತ ಬಿಡುವ ಸಮಯವೇ ಎಷ್ಟೋ ಕುಟುಂಬಗಳಿಗೆ ಹೊರೆಯಾಗುತ್ತದೆ. 2018ರ ಅಕ್ಟೋಬರಿನಲ್ಲಿ ಯು.ಜಿ.ಸಿ. ಹೊರಡಿಸಿದ ಅಧಿಸೂಚನೆಯ ಪ್ರಕಾರ ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಇರಿಸಿಕೊಳ್ಳುವಂತಿಲ್ಲ, ಪರಿಶೀಲಿಸಿ ಹಿಂದಿರುಗಿಸಬೇಕು. ಶುಲ್ಕದ ಮರುಪಾವತಿಗೂ ಅದರಲ್ಲಿ ಹಂತಗಳಿವೆ. ಪ್ರವೇಶದ ಕೊನೆಯ ದಿನಾಂಕಕ್ಕೆ ಮೊದಲು ಬಿಟ್ಟರೆ ಬಹುಭಾಗ ಹಿಂದೆ ಬರುತ್ತದೆ. ಆ ದಿನಾಂಕದಿಂದ ಮೂವತ್ತು ದಿನಗಳು ಕಳೆದರೆ ಏನೂ ಬರುವುದಿಲ್ಲ. ಆದ್ದರಿಂದ ಬಿಡುವ ಅರ್ಜಿಯನ್ನು ಬರಹದಲ್ಲಿಯೇ ಕೊಟ್ಟು, ದಿನಾಂಕದ ಮುದ್ರೆಯಿರುವ ಪ್ರತಿಯನ್ನು ಪಡೆದುಕೊಳ್ಳಬೇಕು. ಹೊಸ ಕಡೆಯ ಪ್ರವೇಶ ಪತ್ರ ಕೈಸೇರುವವರೆಗೆ ಹಳೆಯ ಕಾಲೇಜಿನಿಂದ ಟಿ.ಸಿ. ತೆಗೆದುಕೊಳ್ಳಬಾರದು.

ಜಾತಿ ಪ್ರಮಾಣಪತ್ರದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹೊರರಾಜ್ಯದಿಂದ ವಲಸೆ ಬಂದವರನ್ನು ತಮಿಳುನಾಡಿನ ಪ್ರವೇಶದಲ್ಲಿ ಸಾಮಾನ್ಯ ವರ್ಗದಲ್ಲಿ ಪರಿಗಣಿಸುತ್ತಾರೆ. ಆದರೆ ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ ಕನ್ನಡ ಸಮುದಾಯಗಳೂ ಇವೆ. ದೇವಾಂಗ, ಒಕ್ಕಲಿಗ ಮೊದಲಾದ ಹೆಸರುಗಳು ಈ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿವೆ. ತಾವು ಯಾವ ಗುಂಪಿಗೆ ಸೇರುವಿರೆಂಬುದನ್ನು ಅರ್ಜಿಯ ಕೊನೆಯ ವಾರದಲ್ಲಲ್ಲ, ಮಕ್ಕಳು ಹತ್ತನೆಯ ತರಗತಿಯಲ್ಲಿರುವಾಗಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಿರಿ.

ತೀರ್ಮಾನಕ್ಕೆ ಮುನ್ನ

ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ನೋಡಬೇಕೆಂದು ನಮ್ಮ ಅಭಿಪ್ರಾಯ. ಮಗುವಿಗೆ ಓದುವ ವಿಷಯವೇ ಹಿಡಿಸದಿದ್ದರೆ ಒಂದು ವರ್ಷ ಹೋದರೂ ಬದಲಾಯಿಸುವುದು ನಷ್ಟವಲ್ಲ. ವಿಷಯ ಹಿಡಿಸಿ ಕಾಲೇಜಿನ ಹೆಸರು ಮಾತ್ರ ಸಾಲದೆಂಬ ಕೊರಗಿದ್ದರೆ, ಆ ಕೊರಗು ಮಗುವಿನದೋ ನಮ್ಮದೋ ಎಂದು ಹೆತ್ತವರು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಎದುರು ಮನೆಯ ಹುಡುಗ ಎಂ.ಐ.ಟಿ. ಸೇರಿದನೆಂಬ ಕಾರಣಕ್ಕೆ ನಡೆಯುತ್ತಿರುವ ಓದನ್ನು ನಿಲ್ಲಿಸುವುದು ಯುಕ್ತವಲ್ಲ. ಇನ್ನು ಮಗು ಕಾಲೇಜಿನಲ್ಲಿ ಪೀಡನೆಗೋ ತೀವ್ರ ಮನೋವ್ಯಥೆಗೋ ಒಳಗಾಗಿದ್ದರೆ ಮೇಲಿನ ಲೆಕ್ಕಾಚಾರಗಳೆಲ್ಲ ಹಿಂದೆ ಸರಿಯಬೇಕು. ಮೊದಲು ಮನೆಗೆ ಕರೆತನ್ನಿ. ಉಳಿದದ್ದನ್ನು ಆಮೇಲೆ ನೋಡಬಹುದು.

ಬಿಡದೆಯೂ ಮೇಲೇರುವ ಮಾರ್ಗಗಳಿವೆ. ಐ.ಐ.ಟಿ. ಮದ್ರಾಸಿನ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿಗೆ ಜೆ.ಇ.ಇ. ಕಡ್ಡಾಯವಲ್ಲ, ಅದರದೇ ಅರ್ಹತಾ ಹಂತವನ್ನು ದಾಟಿದರೆ ಸಾಕು. ಏಕಕಾಲದಲ್ಲಿ ಎರಡು ಪದವಿಗಳನ್ನು ಓದಲು ಯು.ಜಿ.ಸಿ. 2022ರಲ್ಲಿ ಅವಕಾಶ ಕೊಟ್ಟಿದೆ. ಬಿ.ಇ. ನಂತರ ಗೇಟ್, ಬಿ.ಎಸ್ಸಿ. ನಂತರ ಜಾಮ್ ಪರೀಕ್ಷೆಯ ಮೂಲಕ ಐ.ಐ.ಟಿ.ಗಳಿಗೂ ಬೆಂಗಳೂರಿನ ವಿಜ್ಞಾನ ಸಂಸ್ಥೆಗೂ ಹೋಗಬಹುದು. ಶಿವನ್ ಅವರು ನಾಗರಕೋಯಿಲಿನಿಂದ ಕ್ರೋಂಪೇಟೆಗೆ, ಕ್ರೋಂಪೇಟೆಯಿಂದ ಬೆಂಗಳೂರಿಗೆ ಹೋದದ್ದು ಒಂದೊಂದು ಪದವಿಯನ್ನೂ ಪೂರ್ಣವಾಗಿ ಮುಗಿಸಿಯೇ. ಒಂದು ಬಾಗಿಲು ತಪ್ಪಿದರೆ ಇನ್ನೊಂದಿದೆ ಎಂಬ ಭರವಸೆಯನ್ನು ಮಕ್ಕಳಿಗೆ ಕೊಡುವುದು ಹಿರಿಯರಾದ ನಮ್ಮ ಕರ್ತವ್ಯ.

ನಿಯಮಗಳೂ ದಿನಾಂಕಗಳೂ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆಯಾ ವರ್ಷದ ಅಧಿಕೃತ ಮಾಹಿತಿ ಪುಸ್ತಿಕೆಯನ್ನು ಆದ್ಯಂತವಾಗಿ ಓದಬೇಕೆಂದು ಕೋರುತ್ತೇವೆ. ನಮ್ಮ ಮಕ್ಕಳೆಲ್ಲರಿಗೂ ಶುಭವಾಗಲಿ.