ಅನ್ನವೂ ನೆಲೆಯೂ: ಬೈಲಕುಪ್ಪೆಯ ಇತಿಹಾಸದಿಂದ

ಮನೆಮಠ ಕಳೆದುಕೊಂಡು ಬಂದವರಿಗೆ ಒಂದು ಹೊತ್ತಿನ ಅನ್ನ ನೀಡುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಉಂಡೆದ್ದವರು ನಾಳೆ ಎಲ್ಲಿ ನಿಲ್ಲಬೇಕು, ಏನನ್ನು ಬೆಳೆದು ಬದುಕಬೇಕು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ನಿದರ್ಶನಗಳು ವಿರಳ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಅಂತಹ ಒಂದು ನಿದರ್ಶನ.

1959ರ ಮಾರ್ಚ್ 31ರಂದು ದಲೈ ಲಾಮಾ ಅವರು ಭಾರತದ ಗಡಿ ದಾಟಿದರು. ಅವರ ಹಿಂದೆ ಬಂದ ಟಿಬೆಟನ್ನರು ಸುಮಾರು 80,000 ಮಂದಿ. ಅಸ್ಸಾಮಿನ ಮಿಸಾಮಾರಿಯಲ್ಲಿಯೂ ಪಶ್ಚಿಮ ಬಂಗಾಳದ ಬಕ್ಸಾದಲ್ಲಿಯೂ ಶಿಬಿರಗಳು ತೆರೆದವು. ಬಕ್ಸಾ ಆಂಗ್ಲರ ಕಾಲದ ಬಂದೀಖಾನೆ. ಶಿಬಿರಗಳಲ್ಲಿ ಪಡಿತರವೇನೋ ದೊರೆಯುತ್ತಿತ್ತು. ಆದರೆ ಹಿಮದ ನಾಡಿನಿಂದ ಬಂದವರು ಬಯಲುಸೀಮೆಯ ಸೆಕೆಯಲ್ಲಿ, ಕ್ಷಯರೋಗದಿಂದ ಸೊರಗಿದರು. ಅನೇಕರನ್ನು ಹಿಮಾಲಯದ ರಸ್ತೆ ಕಾಮಗಾರಿಗೆ ಕಳುಹಿಸಲಾಯಿತು. ಅಲ್ಲಿ ಕೂಲಿಯಿತ್ತು, ನೆಲೆಯಿರಲಿಲ್ಲ.

ಪ್ರಧಾನಿ ನೆಹರೂ ಅವರು ಭೂಮಿ ಕೋರಿ ರಾಜ್ಯಗಳಿಗೆ ಬರೆದಾಗ ಮೈಸೂರು ರಾಜ್ಯವು ಸುಮಾರು 3,000 ಎಕರೆ ಕಾಡುಭೂಮಿಯನ್ನು ಬೈಲಕುಪ್ಪೆಯಲ್ಲಿ ನೀಡಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿತು. ಈ ಕೀರ್ತಿಯನ್ನು ಸಾಮಾನ್ಯವಾಗಿ ಎಸ್. ನಿಜಲಿಂಗಪ್ಪನವರಿಗೆ ಸಲ್ಲಿಸುತ್ತಾರೆ, ದಲೈ ಲಾಮಾ ಅವರೂ ಅವರನ್ನು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಆ ವರ್ಷ ಮುಖ್ಯಮಂತ್ರಿಯಾಗಿದ್ದವರು ಬಿ. ಡಿ. ಜತ್ತಿಯವರೆಂಬುದನ್ನೂ ನೆನೆಯುವುದು ನ್ಯಾಯ. 1966ರಲ್ಲಿ ಮುಂಡಗೋಡಿನ ವಸತಿ ಆರಂಭವಾದದ್ದು ನಿಜಲಿಂಗಪ್ಪನವರ ಆಡಳಿತದಲ್ಲಿ.

ಇಲ್ಲಿ ವ್ಯಾಪಾರಿಯ ಲೆಕ್ಕವೊಂದನ್ನು ವಾಚಕರ ಮುಂದಿಡುತ್ತೇನೆ. ಪಡಿತರವು ಖರ್ಚು, ಭೂಮಿಯು ಬಂಡವಾಳ. ಆದರೆ ಕೇವಲ ಬಂಡವಾಳವನ್ನು ಕೊಟ್ಟು ಕೈತೊಳೆದುಕೊಂಡಿದ್ದರೆ ಬೈಲಕುಪ್ಪೆ ಉಳಿಯುತ್ತಿರಲಿಲ್ಲ. ಮರ ಕಡಿದು, ಬೇರು ಕಿತ್ತು, ಆನೆಗಳಿಂದ ಬೆಳೆ ಕಾಯ್ದು, ಹಿಂದೆ ಕಂಡರಿಯದ ಮುಸುಕಿನ ಜೋಳವನ್ನು ಬೆಳೆಯುವುದನ್ನು ಕಲಿಯುವವರೆಗೆ ಹೊಟ್ಟೆ ಕಾಯುತ್ತದೆಯೆ? ಸರ್ಕಾರವೂ ಸ್ವಯಂಸೇವಾ ಸಂಸ್ಥೆಗಳೂ ಆ ಅವಧಿಯಲ್ಲಿ ಆಹಾರ ಒದಗಿಸಿದ್ದರಿಂದಲೇ ಭೂಮಿ ಫಲ ಕೊಟ್ಟಿತು. ಬಳಿಕ ಸಹಕಾರ ಸಂಘ ಬಂದಿತು. 1968ರಲ್ಲಿ ಟಿಬೆಟನ್ನರ ಪುನರ್ವಸತಿಗೆಂದೇ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ನಮ್ಮ ರೈತರ ನಡುವೆಯೂ ಕೆಲಸ ಮಾಡಿತು.

“ನಮ್ಮಲ್ಲಿಯೇ ಭೂಹೀನರಿಲ್ಲವೆ?” ಎಂದು ಕೇಳುವವರುಂಟು. ಪ್ರಶ್ನೆ ಅನುಚಿತವಲ್ಲ; ಕಡಿದ ಕಾಡೂ ಸಣ್ಣ ನಷ್ಟವಲ್ಲ. ಆದರೆ ಒಬ್ಬ ಬಡವನ ಹಕ್ಕನ್ನು ಇನ್ನೊಬ್ಬ ಬಡವನ ಅನ್ನಕ್ಕೆ ಅಡ್ಡ ತರುವುದನ್ನು ನಾನು ಒಪ್ಪಲಾರೆ. ಕುಶಾಲನಗರದ ಅಂಗಡಿಗಳಿಗೆ ಈ ವಸತಿಯಿಂದ ಬಂದ ಗಿರಾಕಿಯನ್ನು ಅಲ್ಲಿನ ವರ್ತಕರೇ ಹೇಳಿಯಾರು.

ಕಥೆ ಮುಗಿದಿಲ್ಲ. ಆರಂಭದಲ್ಲಿ ಭೂಮಿಯನ್ನು ಹಂಚಿದ್ದು ತಲೆಗೊಂದು ಎಕರೆಯಂತೆ. ಆಮೇಲೆ ಹುಟ್ಟಿದವರಿಗೆ ಪಾಲಿಲ್ಲ. ಚಳಿಗಾಲದಲ್ಲಿ ನಮ್ಮ ಪಟ್ಟಣಗಳಿಗೆ ಬಂದು ಸ್ವೆಟರ್ ಮಾರುವವರಲ್ಲಿ ಇಂತಹ ಮನೆಗಳವರು ಅನೇಕ. ಭೂಮಿಯೂ ಅವರ ಸ್ವಂತದ್ದಲ್ಲ. ಗುತ್ತಿಗೆಯನ್ನು 20 ವರ್ಷಗಳಿಗೆ ಕ್ರಮಬದ್ಧಗೊಳಿಸಲು ಹಾಗೂ ಪಡಿತರವೇ ಮೊದಲಾದ ಯೋಜನೆಗಳನ್ನು ಇವರಿಗೆ ವಿಸ್ತರಿಸಲು ಕೇಂದ್ರವು 2014ರ ಪುನರ್ವಸತಿ ನೀತಿಯಲ್ಲಿ ರಾಜ್ಯಗಳಿಗೆ ಸೂಚಿಸಿತು. ಅದನ್ನು ಅರ್ಜಿಯ ಮಟ್ಟದಲ್ಲಿ ನಡೆಸಿಕೊಡಬೇಕಾದವು ಸ್ಥಳೀಯ ಕಚೇರಿಗಳು. ನಮ್ಮ ಟ್ರಸ್ಟುಗಳಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ. ಅನ್ನಸಂತರ್ಪಣೆಯ ಜೊತೆಗೆ ತಿಂಗಳಿಗೊಂದು ದಿನ ಇವರಲ್ಲಿ ಇಬ್ಬರು ಅರ್ಜಿದಾರರೊಡನೆ ಕಚೇರಿಗೆ ಹೋಗಿಬರಲಿ.