ಗೊಂಬೆಯ ಕಾಲಿನ ಇಸವಿ

ಶಾಸನ ಓದುವವರು ಮೊದಲು ಕಲಿಯುವ ಎಚ್ಚರ ಒಂದಿದೆ: ಬರೆದ ತೇದಿಯನ್ನು ಬರೆದಂತೆಯೇ ನಂಬಬಾರದು. ಗಂಗರ ಹಲವು ತಾಮ್ರಪಟಗಳು ಹೇಳಿಕೊಳ್ಳುವ ಕಾಲಕ್ಕೂ ಅವುಗಳ ಲಿಪಿಗೂ ತಾಳೆಯಾಗದ್ದನ್ನು ಕಂಡು ಜೆ. ಎಫ್. ಫ್ಲೀಟ್ ಅವನ್ನು ಕೂಟಶಾಸನಗಳೆಂದರು. ಹೊಸರಿತ್ತಿಯಲ್ಲಿದ್ದುಕೊಂಡು ಹಾವೇರಿ ಸೀಮೆಯ ಶಾಸನಗಳನ್ನು ಓದುವ ನಾನು ವಿಜ್ಞಾನಕಥೆಗಳ ಹಳೆಯ ಆಟಿಕೆಗಳನ್ನೂ ಕೂಡಿಡುತ್ತೇನೆ. ಅಲ್ಲಿಯೂ ಇದೇ ಎಚ್ಚರ ಬೇಕು.

‘ಸ್ಟಾರ್ ವಾರ್ಸ್’ ತೆರೆಕಂಡದ್ದು 1977ರಲ್ಲಿ. ಅಮೆರಿಕದ ಕೆನ್ನರ್ ಕಂಪನಿಯ ಮೊದಲ 12 ಗೊಂಬೆಗಳು ಮಕ್ಕಳ ಕೈಸೇರಿದ್ದು 1978ರಲ್ಲಿ. ಆದರೆ ಅವುಗಳ ಕಾಲಿನ ಹಿಂದೆ ಇರುವುದು 1977. ಅದು ಹಕ್ಕುಸ್ವಾಮ್ಯದ ವರ್ಷ, ತಯಾರಿಕೆಯದಲ್ಲ. ತಯಾರಿಕೆಯ ಹಿಂದುಮುಂದನ್ನು ಹೇಳುವುದು ಸಣ್ಣ ವ್ಯತ್ಯಾಸಗಳು. ಜಾವಾ ಎಂಬ ಗಿಡ್ಡ ಗೊಂಬೆಗೆ ಮೊದಲು ವಿನೈಲ್ ಮೇಲಂಗಿ ಇತ್ತು. ಬೇಗನೆ ಬಟ್ಟೆಯದು ಬಂತು. ವಿನೈಲಿನದು ಅಪರೂಪ, ಬೆಲೆಯೂ ಹೆಚ್ಚು. ಹಾಗಾಗಿ ಬೆನ್ ಕೆನೋಬಿ ಗೊಂಬೆಯ ಮೇಲಂಗಿಯನ್ನು ಕತ್ತರಿಸಿ ಜಾವಾಕ್ಕೆ ತೊಡಿಸುವವರೂ ಇದ್ದಾರೆ. ಇವು ಆಟಿಕೆಗಳ ಕೂಟಶಾಸನಗಳು!

ನಮ್ಮ ದೇಶದಲ್ಲಿ 1987ರಲ್ಲಿ ಫನ್‌ಸ್ಕೂಲ್ ಆರಂಭವಾಯಿತು. ಹ್ಯಾಸ್ಬ್ರೋ ಕಂಪನಿಯ ಅಚ್ಚುಗಳಲ್ಲಿಯೇ ಇಲ್ಲಿ ಜಿ. ಐ. ಜೋ ಗೊಂಬೆಗಳು ತಯಾರಾದವು. ಅಚ್ಚು ಅದೇ ಆದರೂ ಎಷ್ಟೋ ಗೊಂಬೆಗಳ ಬಣ್ಣ ಬೇರೆಯಾಯಿತು. ಹೊರದೇಶದ ಸಂಗ್ರಾಹಕರಿಗೆ ಇವು ಪಾಠಾಂತರಗಳು. ಇಲ್ಲಿ ಆಡಿ ಬೆಳೆದ ಮಕ್ಕಳಿಗೆ ಇವೇ ಮೂಲಪಾಠ. ವ್ಯತ್ಯಾಸವನ್ನು ಗುರುತಿಸಿದರಷ್ಟೇ ಚರಿತ್ರೆಯ ಕೆಲಸ ಮುಗಿಯದು. ಯಾವುದರಿಂದ ವ್ಯತ್ಯಾಸ, ಅದನ್ನು ಮೂಲವೆಂದವರು ಯಾರು ಎಂದೂ ಕೇಳಬೇಕು.